250 ಲೀಟರ್ ತೊಟ್ಟಿ, ಒಂದು ಜಲ್ಲಿ ಬೆಡ್: ಮನೆಮಟ್ಟದ ಅಕ್ವಾಪೋನಿಕ್ಸ್ ಲೆಕ್ಕಾಚಾರ

ಹಸಿರುಬೇರು:
ಕಟ್ಟುವ ಮೊದಲೇ ತಪ್ಪು ಹಿಡಿದು ಹೇಳಿ ಎಂದು ನನ್ನ ಅಕ್ವಾಪೋನಿಕ್ಸ್ ಯೋಜನೆ, ಅಂದರೆ ಮೀನಿನ ತೊಟ್ಟಿಯ ನೀರನ್ನೇ ಗಿಡದ ಬೆಡ್ಡಿಗೆ ಸುತ್ತಿಸಿ ಎರಡನ್ನೂ ಬೆಳೆಸುವುದು, ಇಲ್ಲಿ ಹಾಕುತ್ತಿದ್ದೇನೆ. ಮೀನಿಗೆ 250 ಲೀಟರಿನ ಪ್ಲಾಸ್ಟಿಕ್ ತೊಟ್ಟಿ, ಆಹಾರ ತುಂಬಲು ಬಳಸುವ ದರ್ಜೆಯದ್ದು. ಅದಕ್ಕಿಂತ ಎತ್ತರದಲ್ಲಿ, ಕಬ್ಬಿಣದ ಸ್ಟ್ಯಾಂಡಿನ ಮೇಲೆ 120 × 60 ಸೆಂ.ಮೀ. ಬೆಡ್. ಗೋಡೆಯ ಎತ್ತರ 35 ಸೆಂ.ಮೀ., ಜಲ್ಲಿ 30 ಸೆಂ.ಮೀ. ನೀರು ತುಂಬಿ ಇಳಿಯಲು ಬೆಲ್ ಸೈಫನ್, ಅಂದರೆ ನೀರು ಒಂದು ಮಟ್ಟಕ್ಕೆ ಬಂದಾಗ ತಾನಾಗಿ ಎಳೆದು ಬೆಡ್ ಖಾಲಿ ಮಾಡುವ, ಮುಚ್ಚಳವಿರುವ ಪೈಪು. ಬೆಳೆ ಸದ್ಯಕ್ಕೆ ಸೊಪ್ಪು, ಪುದೀನ, ಲೆಟ್ಯೂಸ್ ಅಷ್ಟೆ. ಗೊತ್ತಾಗಬೇಕಿರುವುದು: ಎಷ್ಟು ಮೀನು, ಎಂಥ ಪಂಪು, ಮೀನು ಬಿಡುವುದು ಯಾವಾಗ, ಮೇಲ್ಛಾವಣಿಯ ಮೇಲೆ ಇಟ್ಟರೆ ತೊಂದರೆಯೇ?

ನೀರಲೆಕ್ಕ:
ಎಷ್ಟು ಮೀನು ಎಂಬುದರಿಂದ ಶುರು ಮಾಡಬೇಡಿ. ದಿನಕ್ಕೆ ಎಷ್ಟು ಗ್ರಾಂ ಮೇವು ಹಾಕುತ್ತೀರಿ ಎಂಬುದರಿಂದ ಶುರು ಮಾಡಿ, ಮಿಕ್ಕಿದ್ದೆಲ್ಲ ಅದರ ಹಿಂದೆ ಬರುತ್ತದೆ.

ಸೊಪ್ಪಿನ ಬೆಳೆಗೆ ಚದರ ಮೀಟರಿಗೆ ದಿನಕ್ಕೆ 40ರಿಂದ 50 ಗ್ರಾಂ ಮೇವು ಎನ್ನುವುದು ರೂಢಿಯ ಲೆಕ್ಕ. ಕಾಯಿ ಬಿಡುವ ಗಿಡಕ್ಕೆ 50ರಿಂದ 80. ನಿಮ್ಮ ಬೆಡ್ 0.72 ಚ.ಮೀ. ಅಂದರೆ ಗಿಡಗಳೆಲ್ಲ ಬೆಳೆದು ನಿಂತ ಮೇಲೂ ದಿನಕ್ಕೆ 30 ಗ್ರಾಂ ಸಾಕು. ದೊಡ್ಡ ಮೀನು ದಿನಕ್ಕೆ ತನ್ನ ತೂಕದ ಶೇ. 1ರಿಂದ 2ರಷ್ಟು ತಿನ್ನುತ್ತದೆ. ಶೇ. 2 ಎಂದಿಟ್ಟುಕೊಂಡರೆ 30 ಗ್ರಾಂ ಮೇವಿಗೆ ಒಂದೂವರೆ ಕಿಲೋ ಮೀನು. ತಲಾ 150 ಗ್ರಾಮಿನ ಹತ್ತು ಮೀನು, ಮುಗಿಯಿತು. 250 ಲೀಟರಿಗೆ ಇದು ತುಂಬಾ ಹಗುರವಾದ ಭಾರ. ಸಾವಿರ ಲೀಟರಿಗೆ 10ರಿಂದ 20 ಕಿಲೋ ಸಾಕುವವರೂ ಇದ್ದಾರೆ, ಆದರೆ ಅವರಿಗೆ ಕರೆಂಟ್ ಹೋದರೆ ನಿದ್ದೆಯೂ ಹೋಗುತ್ತದೆ.

ಮರಿಗಳು ತೂಕದ ಲೆಕ್ಕದಲ್ಲಿ ಹೆಚ್ಚು ತಿನ್ನುತ್ತವೆ, ಆದರೆ ತೂಕವೇ ಕಡಿಮೆ. ಹಾಗಾಗಿ ಮೊದಲ ತಿಂಗಳು ಮೇವು 5 ಗ್ರಾಮೂ ದಾಟುವುದಿಲ್ಲ. ಆ ತಿಂಗಳು ಗಿಡ ಸೊರಗಿದರೆ ಗಾಬರಿ ಬೇಡ.

ಜಲ್ಲಿರಾಶಿ:
ಮೇಲ್ಛಾವಣಿಯ ಪ್ರಶ್ನೆಗೆ ನೇರ ಉತ್ತರ: ಮೊದಲು ತೂಕ ಕೂಡಿಸಿ. 120 × 60 × 30 ಅಂದರೆ 216 ಲೀಟರ್ ಜಲ್ಲಿ. ಲೀಟರಿಗೆ ಸುಮಾರು 1.6 ಕಿಲೋ ಹಿಡಿದರೆ 345 ಕಿಲೋ. ಕಲ್ಲುಗಳ ಸಂದಿಯಲ್ಲಿ ನಿಲ್ಲುವ ನೀರು 70 ಕಿಲೋ ದಾಟುತ್ತದೆ. ತೊಟ್ಟಿಯಲ್ಲಿ 250 ಕಿಲೋ. ಆದರೆ ಬೆಡ್ಡಿನ ನೀರು ತೊಟ್ಟಿಯಿಂದಲೇ ಬಂದದ್ದು, ಎರಡು ಸಲ ಕೂಡಿಸಬೇಡಿ. ಸ್ಟ್ಯಾಂಡ್ ಸೇರಿ ಸುಮಾರು 630 ಕಿಲೋ. ಅದೂ ನಾಲ್ಕು ಕಾಲುಗಳ ಮೇಲೆ. ಛಾವಣಿ ಕಟ್ಟಿದ ಎಂಜಿನಿಯರನ್ನು ಕೇಳದೆ ಇಡಬೇಡಿ. ಇಡುವುದೇ ಆದರೆ ತೊಲೆಯ ಮೇಲೆ ಬರುವ ಹಾಗೆ, ಕಾಲುಗಳ ಕೆಳಗೆ ಅಗಲವಾದ ಹಲಗೆ ಕೊಟ್ಟು ಇಡಿ. ತೂಕ ಇಳಿಸಬೇಕೆಂದರೆ ಜಲ್ಲಿಯ ಬದಲು ಸುಟ್ಟ ಜೇಡಿಮಣ್ಣಿನ ಉಂಡೆ ಹಾಕಿ. ಅದು ಲೀಟರಿಗೆ ಅರ್ಧ ಕಿಲೋ ಆಸುಪಾಸು.

ಕಲ್ಲಿನ ಗಾತ್ರ 12ರಿಂದ 20 ಮಿ.ಮೀ. ಅದಕ್ಕಿಂತ ಸಣ್ಣದಾದರೆ ಸಂದಿಗಳಲ್ಲಿ ಗಸಿ ಕಟ್ಟುತ್ತದೆ, ದೊಡ್ಡದಾದರೆ ಬೇರಿಗೆ ಹಿಡಿತ ಸಿಗುವುದಿಲ್ಲ, ಸಸಿ ನೆಡುವಾಗ ಬೆರಳೂ ನಜ್ಜುಗುಜ್ಜು. ಕಲ್ಲು ತರುವ ಮೊದಲು ಒಂದು ಹಿಡಿ ಲೋಟಕ್ಕೆ ಹಾಕಿ ವಿನೆಗರ್ ಸುರಿಯಿರಿ. ಗುಳ್ಳೆ ಎದ್ದರೆ ಅದರಲ್ಲಿ ಸುಣ್ಣದ ಅಂಶವಿದೆ, ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ, 7 ಎಂದರೆ ಎರಡೂ ಅಲ್ಲ) ಎಂಟರ ಹತ್ತಿರ ಕೂತುಬಿಡುತ್ತದೆ, ಆಮೇಲೆ ಎಷ್ಟು ಆಸಿಡ್ ಹಾಕಿದರೂ ಇಳಿಯದು. ಗುಳ್ಳೆ ಬರದ ಕಲ್ಲನ್ನು ನೀರು ತಿಳಿಯಾಗುವವರೆಗೆ ತೊಳೆಯಿರಿ. ಐದಾರು ಸಲವಾದರೂ ಬೇಕು.

ಹಿತ್ತಾಳೆಯ ವಾಲ್ವು, ತಾಮ್ರದ ಪೈಪು, ಸತು ಲೇಪಿಸಿದ ತಗಡಿನ ತೊಟ್ಟಿ ಯಾವುದೂ ನೀರಿಗೆ ತಾಗಬಾರದು. ತಾಮ್ರ ಮತ್ತು ಸತು ಎರಡೂ ಮೀನಿಗೆ ವಿಷ. ತೊಟ್ಟಿ ಬಿಳಿಯದಾಗಿದ್ದರೆ ಹೊರಗಿನಿಂದ ಕಪ್ಪು ಬಣ್ಣ ಬಳಿದು ಅದರ ಮೇಲೆ ಬಿಳಿ ಬಳಿಯಿರಿ: ಬೆಳಕು ಒಳಗೆ ಹೋಗದೆ ಪಾಚಿ ಕಟ್ಟುವುದಿಲ್ಲ, ಬಿಸಿಲಿಗೆ ಕಾಯುವುದೂ ಕಡಿಮೆ.

ಹಸಿರುಬೇರು:
ತೂಕದ ಲೆಕ್ಕ ನೋಡಿ ನೆಲದ ಮೇಲೇ ಇಡುವುದೆಂದು ತೀರ್ಮಾನ. ಬೆಡ್ 70 ಲೀಟರ್ ನೀರು ಎಳೆದುಕೊಂಡರೆ ತೊಟ್ಟಿಯ ಮಟ್ಟ ಪ್ರತಿ ಸಲ ಅಷ್ಟು ಇಳಿಯುತ್ತದಲ್ಲ, ಮೀನಿಗೆ ಪರವಾಗಿಲ್ಲವೇ?

ಪೈಪುಪಾನ:
ಕಾಲುಭಾಗಕ್ಕಿಂತ ಸ್ವಲ್ಪ ಹೆಚ್ಚು ಇಳಿಯುತ್ತದೆ. ಹತ್ತು ಮೀನಿಗೆ ತೊಂದರೆಯಿಲ್ಲ. ಬೆಡ್ಡೂ ತೊಟ್ಟಿಯೂ ಸರಿಸಮ ಗಾತ್ರ ಇರಲಿ ಎಂದು ಹೇಳುವುದು ಇದೇ ಕಾರಣಕ್ಕೆ. ಎರಡನೇ ಬೆಡ್ ಸೇರಿಸುವ ದಿನ ನಡುವೆ ಬೆಡ್ಡುಗಳ ನೀರು ಇಳಿದು ಸೇರುವ ಇನ್ನೊಂದು ತೊಟ್ಟಿ (ಸಂಪ್) ಬೇಕಾಗುತ್ತದೆ.

ಪಂಪಿನ ವಿಷಯ. ಗಂಟೆಗೊಮ್ಮೆ ತೊಟ್ಟಿಯಷ್ಟು ನೀರು ತಿರುಗಬೇಕು, ಅಂದರೆ ಕನಿಷ್ಠ 250 ಲೀಟರ್. ಡಬ್ಬಿಯ ಮೇಲೆ ಬರೆದ ಸಂಖ್ಯೆ ಸೊನ್ನೆ ಎತ್ತರದ್ದು. ನಿಮಗೆ ನೀರು 1.2 ಮೀಟರ್ ಏರಬೇಕು. ಆ ಎತ್ತರದಲ್ಲಿ 600 ಲೀಟರ್ ಕೊಡುವ ಪಂಪು ಹುಡುಕಿ. ಸಾಮಾನ್ಯವಾಗಿ ಗಂಟೆಗೆ 1000–1200 ಲೀಟರ್, ಗರಿಷ್ಠ ಎತ್ತರ 2 ಮೀಟರಿಗೆ ಮೇಲೆ ಎಂದು ಬರೆದಿರುವ ಪಂಪುಗಳು ಇದಕ್ಕೆ ಹೊಂದುತ್ತವೆ. ಪಂಪಿನ ಪೈಪಿಗೆ ಒಂದು ಟೀ ಹಾಕಿ, ಒಂದು ಕವಲು ಬೆಡ್ಡಿಗೆ, ಇನ್ನೊಂದು ವಾಲ್ವಿನ ಮೂಲಕ ವಾಪಸ್ ತೊಟ್ಟಿಗೆ. ಸೈಫನ್ನಿಗೆ ಎಷ್ಟು ಬೇಕೋ ಅಷ್ಟೇ ಮೇಲೆ ಕಳಿಸಬಹುದು, ಮಿಕ್ಕ ನೀರು ಮೇಲಿಂದ ಬಿದ್ದು ಗಾಳಿ ಬೆರೆಸುತ್ತದೆ. ಪಂಪಿನ ಬಾಯಿಯನ್ನು ಹಿಸುಕಿ ಹರಿವು ಕಡಿಮೆ ಮಾಡುವುದಕ್ಕಿಂತ ಇದು ಮೇಲು.

ಸೈಫನ್ ಅಳತೆ:
– ಒಳಗಿನ ಸ್ಟ್ಯಾಂಡ್ ಪೈಪ್ 25 ಮಿ.ಮೀ., ಬೆಡ್ಡಿನ ತಳದಿಂದ 25 ಸೆಂ.ಮೀ. ಎತ್ತರ. ಮೇಲಿನ 5 ಸೆಂ.ಮೀ. ಜಲ್ಲಿ ಯಾವತ್ತೂ ಒಣಗಿರಬೇಕು.
– ಅದರ ತುದಿಗೆ 40 × 25ರ ರಿಡ್ಯೂಸರ್ ಆಲಿಕೆಯ ಹಾಗೆ. ಕಡಿಮೆ ಹರಿವಿನಲ್ಲೂ ಸೈಫನ್ ಹಿಡಿಯಲು ಇದೇ ಗುಟ್ಟು.
– ಅದರ ಮೇಲೆ ಮುಚ್ಚುವ ಬೆಲ್ 75 ಮಿ.ಮೀ. ಪೈಪು, ಮೇಲೆ ಎಂಡ್ ಕ್ಯಾಪ್, ಸುತ್ತ ಗಾಳಿ ಸೋರದಂತೆ ಅಂಟು. ಆಲಿಕೆಗೂ ಕ್ಯಾಪಿಗೂ ನಡುವೆ 2ರಿಂದ 2.5 ಸೆಂ.ಮೀ. ಜಾಗ.
– ಬೆಲ್ಲಿನ ಬುಡದಲ್ಲಿ ನಾಲ್ಕು ಕಡೆ 1.5–2 ಸೆಂ.ಮೀ. ಎತ್ತರದ ಕಚ್ಚು.
– ಹೊರಗೆ 110 ಮಿ.ಮೀ. ಪೈಪಿನ ಬೇಲಿ, 4–5 ಮಿ.ಮೀ. ಸೀಳುಗಳು. ಕಲ್ಲೂ ಬೇರೂ ಒಳಗೆ ನುಗ್ಗದಿರಲು.
– ಬೆಡ್ಡಿನ ಕೆಳಗೆ ಪೈಪು 20–30 ಸೆಂ.ಮೀ. ನೇರ ಇಳಿದು ಒಂದು ಎಲ್ಬೋ. ತುದಿ ತೊಟ್ಟಿಯ ನೀರಿನಲ್ಲಿ ಮುಳುಗಬಾರದು.

ನಿಮಿಷಕ್ಕೆ 5 ಲೀಟರ್ ಬಿಟ್ಟರೆ ಬೆಡ್ ಹದಿನಾಲ್ಕು ನಿಮಿಷಕ್ಕೆ ತುಂಬಿ, ನಾಲ್ಕೈದು ನಿಮಿಷದಲ್ಲಿ ಖಾಲಿಯಾಗುತ್ತದೆ.

ಗೆಂಡೆಮೀನು:
ಹೊಸಬರಿಗೆ ಸೈಫನ್ ಯಾಕೆ ಹೇಳುತ್ತೀರೋ! ಟೈಮರ್ ಸಾಕು. 15 ನಿಮಿಷ ಓಡಿ 45 ನಿಮಿಷ ನಿಲ್ಲಲಿ. ಬೆಲ್ ಬೇಡ, ಬರೀ ಸ್ಟ್ಯಾಂಡ್ ಪೈಪ್ ನಿಲ್ಲಿಸಿ ಬುಡದಲ್ಲಿ ಒಂದು ತೂತು ಕೊರೆಯಿರಿ. ತೂತು 8 ಮಿ.ಮೀ. ಇರಲಿ. 25 ಸೆಂ.ಮೀ. ನೀರಿನ ಒತ್ತಡದಲ್ಲಿ ಅದು ನಿಮಿಷಕ್ಕೆ 4 ಲೀಟರಿನಷ್ಟು ಬಿಡುತ್ತದೆ, ಮಟ್ಟ ಇಳಿದಂತೆ ನಿಧಾನವಾಗುತ್ತದೆ, 35–40 ನಿಮಿಷಕ್ಕೆ ಬೆಡ್ ಬರಿದು. 6 ಮಿ.ಮೀ. ಕೊರೆದವರಿಗೆ ಒಂದು ಗಂಟೆ ಕಳೆದರೂ ತಳದಲ್ಲಿ ನೀರು ನಿಂತಿರುತ್ತದೆ, ಬೇರಿಗೆ ಉಸಿರೇ ಸಿಗುವುದಿಲ್ಲ. ತುಂಬುವಾಗ ಪಂಪು ನಿಮಿಷಕ್ಕೆ 10 ಲೀಟರ್ ಕೊಡುವುದರಿಂದ ಸೋರಿಕೆ ಕಳೆದರೂ ಒಂಬತ್ತು ಹತ್ತು ನಿಮಿಷದಲ್ಲಿ ತುಂಬುತ್ತದೆ. ಹೆಚ್ಚಾದದ್ದು ಪೈಪಿನ ಮೇಲಿನ ಬಾಯಿಯಿಂದ ಇಳಿಯುತ್ತದೆ. ಚಲಿಸುವ ಭಾಗವೇ ಇಲ್ಲ, ಹೊಂದಿಸುವ ಕಾಟವೂ ಇಲ್ಲ.

ಒಂದೇ ಷರತ್ತು: ಪಂಪು ನಿಂತಿರುವ 45 ನಿಮಿಷ ಗಾಳಿ ಪಂಪು ನಿಲ್ಲಬಾರದು.

ಪೈಪುಪಾನ:
ಸೈಫನ್ನಿಗೂ ಚಲಿಸುವ ಭಾಗ ಇಲ್ಲ ಸ್ವಾಮಿ! ಆದರೆ ಟೈಮರ್ ಸುಲಭ ಎಂಬುದನ್ನು ಒಪ್ಪುತ್ತೇನೆ. ಸೈಫನ್ ಕಾಡುವುದು ಎರಡೇ ರೀತಿ.

ಹಿಡಿಯುವುದಿಲ್ಲ: ನೀರು ಸ್ಟ್ಯಾಂಡ್ ಪೈಪಿನ ಅಂಚಿನಿಂದ ತೊಟ್ಟಿಕ್ಕುತ್ತಲೇ ಇರುತ್ತದೆ, ಬೆಡ್ ತುಂಬಿಯೇ ನಿಂತಿರುತ್ತದೆ. ಹರಿವು ಕಡಿಮೆ, ಇಲ್ಲವೇ ಕ್ಯಾಪಿನಲ್ಲಿ ಗಾಳಿ ಸೋರಿಕೆ, ಇಲ್ಲವೇ ಕೆಳಗಿನ ಪೈಪಿಗೆ ಎಲ್ಬೋ ಇಲ್ಲ. ಬಿಡುವುದಿಲ್ಲ: ತಳದವರೆಗೆ ಇಳಿದ ಮೇಲೂ ಬಂದಷ್ಟು ನೀರನ್ನು ಎಳೆಯುತ್ತಲೇ ಇರುತ್ತದೆ. ಹರಿವು ಹೆಚ್ಚು, ಇಲ್ಲವೇ ಬುಡದ ಕಚ್ಚುಗಳಿಂದ ಗಾಳಿ ಸರಿಯಾಗಿ ನುಗ್ಗುತ್ತಿಲ್ಲ. ಬೆಲ್ಲಿನ ನೆತ್ತಿಗೆ 6–8 ಮಿ.ಮೀ. ನಳಿಕೆ ಸೇರಿಸಿ, ಅದರ ಇನ್ನೊಂದು ತುದಿಯನ್ನು ಹೊರಗಿನಿಂದ ಕಚ್ಚಿನ ಮಟ್ಟಕ್ಕಿಂತ ತುಸು ಮೇಲೆ ತಂದು ಬಿಟ್ಟರೆ ನೀರಿಳಿದ ತಕ್ಷಣ ಗಾಳಿ ಎಳೆದುಕೊಂಡು ಸೈಫನ್ ಮುರಿಯುತ್ತದೆ.

ಎರಡು ವಾರ ಗಡಿಯಾರದಂತೆ ನಡೆದು ಮೂರನೇ ವಾರ ಹಿಡಿಯದಿದ್ದರೆ ಸೈಫನ್ನನ್ನು ಬಿಚ್ಚಬೇಡಿ. ಪಂಪಿನ ಸ್ಪಂಜು ಕಟ್ಟಿ ಹರಿವು ಇಳಿದಿರುತ್ತದೆ. ಸ್ಪಂಜು ತೊಳೆಯಿರಿ.

ನೀರಲೆಕ್ಕ:
ಇನ್ನು ಮೀನು ಬಿಡುವುದು ಯಾವಾಗ ಎಂಬುದು. ನೀರು ತುಂಬಿದ ದಿನದಿಂದ ನಾಲ್ಕರಿಂದ ಆರು ವಾರ. ಮೀನು ಹೊರಹಾಕುವ ಅಮೋನಿಯಾವನ್ನು ಮೊದಲು ನೈಟ್ರೈಟ್, ಆಮೇಲೆ ಗಿಡ ಹೀರುವ ನೈಟ್ರೇಟ್ ಮಾಡುವ ಎರಡು ಬಗೆಯ ಬ್ಯಾಕ್ಟೀರಿಯಾ ಜಲ್ಲಿಯಲ್ಲಿ ನೆಲೆಯೂರಲು ಅಷ್ಟು ಬೇಕು. ನೀರು 25 ಡಿಗ್ರಿ ಇದ್ದರೆ ಬೇಗ, ತಣ್ಣಗಿದ್ದರೆ ಇನ್ನೂ ತಡ.

ನಲ್ಲಿ ನೀರಿನಲ್ಲಿ ಬರೀ ಕ್ಲೋರಿನ್ ಇದ್ದರೆ ಎರಡು ದಿನ ಗಾಳಿ ಹೊಡೆದರೆ ಹೋಗುತ್ತದೆ. ಕ್ಲೋರಮೈನ್ (ಕ್ಲೋರಿನ್ನಿಗೆ ಅಮೋನಿಯಾ ಸೇರಿದ್ದು) ಆದರೆ ನಿಲ್ಲಿಸಿಟ್ಟರೆ ಹೋಗದು. 250 ಲೀಟರಿಗೆ 1 ಗ್ರಾಂ ವಿಟಮಿನ್ ಸಿ ಪುಡಿ, ಅಂದರೆ ಆಸ್ಕಾರ್ಬಿಕ್ ಆಸಿಡ್, ಲೀಟರಿಗೆ 1 ಮಿ.ಗ್ರಾಂ. ಕ್ಲೋರಿನ್ನನ್ನು ಧಾರಾಳವಾಗಿ ಮುಗಿಸುತ್ತದೆ.

ಆಮೇಲೆ ಬ್ಯಾಕ್ಟೀರಿಯಾಕ್ಕೆ ಆಹಾರವಾಗಿ ಅಮೋನಿಯಂ ಕ್ಲೋರೈಡ್ 2 ಗ್ರಾಂ ಕರಗಿಸಿ ಹಾಕಿ. 250 ಲೀಟರಿನಲ್ಲಿ ಅದು ಲೀಟರಿಗೆ ಸುಮಾರು 2 ಮಿ.ಗ್ರಾಂ. ಅಮೋನಿಯಾ ಕೊಡುತ್ತದೆ. ಮನೆ ಶುಚಿ ಮಾಡುವ ಅಮೋನಿಯಾ ದ್ರವ ಬಳಸುವುದಾದರೆ ಬಾಟಲಿ ಕುಲುಕಿ ನೋಡಿ, ನೊರೆ ನಿಂತರೆ ಸೋಪು ಬೆರೆತಿದೆ, ಬೇಡ. ಪಂಪು ಓಡುತ್ತಿರಲಿ. ಪಿಎಚ್ 7ರಿಂದ 8ರ ನಡುವೆ ಇರಲಿ. ಎರಡು ದಿನಕ್ಕೊಮ್ಮೆ ಅಮೋನಿಯಾ, ನೈಟ್ರೈಟ್ ಅಳೆಯಿರಿ. ಮೊದಲು ಅಮೋನಿಯಾ ಇಳಿಯುತ್ತದೆ, ನೈಟ್ರೈಟ್ ಏರುತ್ತದೆ. ಆ ನೈಟ್ರೈಟ್ ಹಾಗೆಯೇ ವಾರಗಟ್ಟಲೆ ನಿಂತಿರುತ್ತದೆ. ಕೆಟ್ಟಿದೆ ಎಂದು ನೀರು ಬದಲಿಸಿ ಮತ್ತೆ ಮೊದಲಿನಿಂದ ಕಾಯುವವರು ಬಹಳ. ಎರಡನೇ ಬಗೆಯ ಬ್ಯಾಕ್ಟೀರಿಯಾ ನಿಧಾನ, ಅಷ್ಟೆ. ಅಮೋನಿಯಾವನ್ನು ಲೀಟರಿಗೆ 4–5 ಮಿ.ಗ್ರಾಂ. ದಾಟಿಸಬೇಡಿ, ಅದೇ ಅವುಗಳನ್ನು ತಡೆಯುತ್ತದೆ.

ತಯಾರಾಗಿದೆ ಎನ್ನಲು ಒಂದೇ ಪರೀಕ್ಷೆ: 2 ಗ್ರಾಂ ಹಾಕಿದ 24 ಗಂಟೆಯೊಳಗೆ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಯ ಹತ್ತಿರ ಬರಬೇಕು. ಹಳೆಯ ಅಕ್ವೇರಿಯಂ ಫಿಲ್ಟರಿನೊಳಗಿನ ಕಲ್ಲೋ ಸ್ಪಂಜೋ ಒಂದು ಹಿಡಿ ಸಿಕ್ಕರೆ ಬೆಡ್ಡಿನೊಳಗೆ ಹೂತುಬಿಡಿ, ವಾರಗಳು ಉಳಿಯುತ್ತವೆ.

ಎರೆಹುಳು:
ಅಷ್ಟೆಲ್ಲ ಕಾಯಬೇಕಿಲ್ಲ ಅಂತ ನನ್ನ ಅಭಿಪ್ರಾಯ. ನಾಲ್ಕು ಗಟ್ಟಿ ಮೀನು ಬಿಟ್ಟು ದಿನಕ್ಕೆ ಚಿಟಿಕೆ ಮೇವು ಹಾಕಿದರೆ ಬ್ಯಾಕ್ಟೀರಿಯಾ ತಾನೇ ಬರುತ್ತದೆ. ನೈಟ್ರೈಟ್ ಏರಿದರೆ ಲೀಟರಿಗೆ 1 ಗ್ರಾಂ ಉಪ್ಪು ಹಾಕಿದರಾಯಿತು.

ಗೆಂಡೆಮೀನು:
ಮೀನು ಬಿಟ್ಟೇ ಶುರು ಮಾಡಬಹುದು, ಆದರೆ ದಿನಾ ಅಳೆಯುವ ಶಿಸ್ತು ಇದ್ದವರಿಗೆ ಮಾತ್ರ. ಪಿಎಚ್ 8, ನೀರು 28 ಡಿಗ್ರಿ ಇದ್ದರೆ ಕಿಟ್ ತೋರಿಸುವ ಅಮೋನಿಯಾದಲ್ಲಿ ಶೇ. 6.5ರಷ್ಟು ವಿಷರೂಪದಲ್ಲಿರುತ್ತದೆ. ಅದೇ ನೀರು ಪಿಎಚ್ 7ರಲ್ಲಿ ಶೇ. 0.7. ಹತ್ತು ಪಟ್ಟು ವ್ಯತ್ಯಾಸ. ಅದಕ್ಕೇ ಒಬ್ಬರ ಮೀನು ಬದುಕಿದ ಅಂಕಿಯಲ್ಲಿ ಇನ್ನೊಬ್ಬರ ಮೀನು ಸಾಯುವುದು.

ಉಪ್ಪಿನ ಅಳತೆ ಮಾತ್ರ ಅತಿಯಾಯಿತು. ನೈಟ್ರೈಟ್ ಕಿವಿರಿನ ಮೂಲಕ ರಕ್ತಕ್ಕೆ ಸೇರಿ ಅದನ್ನು ಕಂದು ಮಾಡುತ್ತದೆ. ಕ್ಲೋರೈಡ್ ಅದೇ ಬಾಗಿಲಲ್ಲಿ ಪೈಪೋಟಿಗೆ ನಿಂತು ತಡೆಯುತ್ತದೆ. ನೈಟ್ರೈಟಿನ ಹತ್ತು ಪಟ್ಟು ಕ್ಲೋರೈಡ್ ಇದ್ದರೆ ಸಾಕು. 5 ಮಿ.ಗ್ರಾಂ. ನೈಟ್ರೈಟಿಗೆ 50 ಮಿ.ಗ್ರಾಂ. ಕ್ಲೋರೈಡ್. ಧಾರಾಳವಾಗಿ 100 ಎಂದರೂ 250 ಲೀಟರಿಗೆ 41 ಗ್ರಾಂ ಉಪ್ಪು. ನೀವು ಹೇಳಿದಂತೆ ಮಾಡಿದರೆ 250 ಗ್ರಾಂ. ಆ ಸೋಡಿಯಂ ಎಲ್ಲಿಗೂ ಹೋಗುವುದಿಲ್ಲ, ಬೆಡ್ಡಿನಲ್ಲೇ ಸುತ್ತುತ್ತದೆ. ಸ್ಟ್ರಾಬೆರಿ, ಹುರುಳಿಕಾಯಿಯಂಥವು ಮೊದಲು ಸುಡುತ್ತವೆ.

ಎರೆಹುಳು:
ಲೆಕ್ಕ ಸರಿ, ನನ್ನ ಉಪ್ಪನ್ನು ವಾಪಸ್ ತೆಗೆದುಕೊಂಡೆ. ಸೇರಿಸುವುದಾದರೆ ಬೇರೇನೂ ಬೆರೆಸದ ಉಪ್ಪು ಎಂಬುದನ್ನೂ ಬರೆದುಬಿಡಿ.

ನೀರಲೆಕ್ಕ:
ಪಿಎಚ್ ಇಳಿಯುವ ಬಗ್ಗೆ ಯಾರೂ ಬರೆದಿಲ್ಲ, ಮೂರನೇ ತಿಂಗಳು ಕೈಕೊಡುವುದು ಅದೇ. 20 ಗ್ರಾಂ ಮೇವು, ಅದರಲ್ಲಿ ಶೇ. 32 ಪ್ರೋಟೀನ್ ಇದ್ದರೆ ಸುಮಾರು 0.6 ಗ್ರಾಂ ಅಮೋನಿಯಾ (ಅದರಲ್ಲಿನ ಸಾರಜನಕದ ಲೆಕ್ಕದಲ್ಲಿ) ಹುಟ್ಟುತ್ತದೆ. ಅದೇ ಲೆಕ್ಕದ ಒಂದು ಗ್ರಾಂ ನೈಟ್ರೇಟ್ ಆಗಲು 7.14 ಗ್ರಾಂ ಕ್ಷಾರತೆ (ಪಿಎಚ್ ಬೀಳದಂತೆ ತಡೆಯುವ ನೀರಿನ ಗುಣ), 4.57 ಗ್ರಾಂ ಆಮ್ಲಜನಕ ತಿನ್ನುತ್ತದೆ. ಅಂದರೆ ದಿನಕ್ಕೆ 4 ಗ್ರಾಂ ಮೀರಿ ಕ್ಷಾರತೆ ಖರ್ಚು. ನಿಮ್ಮ ನೀರಿನ ಕೆಎಚ್ (ಲೀಟರಿಗೆ ಇರುವ ಕ್ಷಾರತೆ) 80 ಮಿ.ಗ್ರಾಂ. ಇದ್ದರೆ 250 ಲೀಟರಿನಲ್ಲಿ ಇರುವುದೇ 20 ಗ್ರಾಂ. ಗಿಡ ನೈಟ್ರೇಟ್ ಹೀರುವಾಗ ಸ್ವಲ್ಪ ಮರಳಿ ಬರುತ್ತದೆ, ದಿನವೂ ಹೊಸ ನೀರು ಸೇರುತ್ತದೆ, ಹಾಗಾಗಿ ಐದು ದಿನಕ್ಕೆ ಮುಗಿಯದು. ಆದರೂ ಇಳಿಯುವ ದಿಕ್ಕಿನಲ್ಲಿ ಅನುಮಾನವಿಲ್ಲ. ಪಿಎಚ್ 6ರ ಕೆಳಗೆ ಬಿದ್ದರೆ ಬ್ಯಾಕ್ಟೀರಿಯಾ ಕೆಲಸ ನಿಲ್ಲಿಸುತ್ತದೆ, ಅಮೋನಿಯಾ ಏರುತ್ತದೆ.

6.4ರಿಂದ 7ರೊಳಗೆ ಹಿಡಿದಿಡಿ. ಒಂದು ಸಲ 4 ಗ್ರಾಂ ಪೊಟ್ಯಾಸಿಯಂ ಬೈಕಾರ್ಬೊನೇಟ್ ಬಕೆಟ್ ನೀರಿನಲ್ಲಿ ಕರಗಿಸಿ ಹಾಕಿ: ಕೆಎಚ್ 8 ಮಿ.ಗ್ರಾಂ. ಏರುತ್ತದೆ, ಜೊತೆಗೆ ಲೀಟರಿಗೆ 6 ಮಿ.ಗ್ರಾಂ. ಪೊಟ್ಯಾಸಿಯಂ. ಮೀನಿನ ಮೇವಿನಲ್ಲಿ ಪೊಟ್ಯಾಸಿಯಂ ಕೊರತೆ ಇರುವುದರಿಂದ ಒಂದೇ ಕಲ್ಲಿಗೆ ಎರಡು ಹಕ್ಕಿ. ಮುಂದಿನ ಸಲ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಅಂದರೆ ಅರಳಿದ ಸುಣ್ಣ, 1 ಗ್ರಾಮಿಗಿಂತ ಕಡಿಮೆ. ಅದು ತೀಕ್ಷ್ಣ. ದಿನಕ್ಕೆ ಪಿಎಚ್ 0.2ಕ್ಕಿಂತ ಹೆಚ್ಚು ಸರಿಯಬಾರದು. ಅಡುಗೆ ಸೋಡಾ ಬೇಡ, ಮತ್ತೆ ಅದೇ ಸೋಡಿಯಂ.

ನೀರು ಮೊದಲಿನಿಂದಲೇ ಗಡಸಾಗಿದ್ದರೆ ಇದು ತಿರುಗುಮುರುಗು. ತುಂಬುವ ನೀರನ್ನೇ ಬೇರೆ ಡ್ರಮ್ಮಿನಲ್ಲಿ ಫಾಸ್ಫಾರಿಕ್ ಆಸಿಡ್ಡಿನಿಂದ ಇಳಿಸಿ, ಒಂದು ದಿನ ಬಿಟ್ಟು ಮತ್ತೆ ಅಳೆದು ಬಳಸಿ, ಇಲ್ಲವೇ ಮಳೆನೀರು ಬೆರೆಸಿ. ಮೀನಿರುವ ತೊಟ್ಟಿಗೆ ಆಸಿಡ್ ಸುರಿಯಬಾರದು. ವಿನೆಗರ್, ನಿಂಬೆರಸ ಎಂದು ಯಾರಾದರೂ ಹೇಳಿದರೆ ಕೇಳಬೇಡಿ, ಎರಡು ದಿನದಲ್ಲಿ ಪಿಎಚ್ ಇದ್ದಲ್ಲಿಗೇ ಬರುತ್ತದೆ.

ಹಸಿರುಬೇರು:
ಎಲೆ ಹಳದಿಯಾದರೆ ಯಾವುದು ಕಡಿಮೆ ಎಂದು ಹೇಗೆ ಗುರುತಿಸುವುದು?

ಜಲ್ಲಿರಾಶಿ:
ಹೊಸ ಎಲೆ ಹಳದಿ, ನರ ಹಸಿರು: ಕಬ್ಬಿಣ. ಹಳೆಯ ಎಲೆಯ ಅಂಚು ಸುಟ್ಟಂತೆ: ಪೊಟ್ಯಾಸಿಯಂ. ಹೊಸ ಎಲೆ ಮುದುಡಿ ತುದಿ ಕರಗಿದರೆ ಕ್ಯಾಲ್ಸಿಯಂ. ಹಳೆಯ ಎಲೆ ಪೂರ್ತಿ ಹಳದಿಯಾಗಿ ಗಿಡವೇ ಪೇಲವವಾದರೆ ಸಾರಜನಕ. ಅದಕ್ಕೆ ನೈಟ್ರೇಟ್ ಅಳೆಯಿರಿ, ಸೊನ್ನೆ ಇದ್ದರೆ ಮೇವು ಹೆಚ್ಚಿಸಿ. ಲೀಟರಿಗೆ 150 ಮಿ.ಗ್ರಾಂ. ದಾಟಿದರೆ ಗಿಡ ಸಾಲದು ಎಂದರ್ಥ.

ಕಬ್ಬಿಣ ಬೇಕೇ ಬೇಕಾಗುತ್ತದೆ, ಮೇವಿನಿಂದ ಸಾಕಷ್ಟು ಬರುವುದಿಲ್ಲ. ತುಕ್ಕು ಹಿಡಿದ ಮೊಳೆ ಹಾಕುವುದರಿಂದ ಏನೂ ಆಗದು. ಕೀಲೇಟ್ ಮಾಡಿದ, ಅಂದರೆ ನೀರಿನಲ್ಲಿ ಕರಗಿಯೇ ಉಳಿಯುವಂತೆ ಬೇರೆ ರಾಸಾಯನಿಕಕ್ಕೆ ಕಟ್ಟಿದ ಕಬ್ಬಿಣವೇ ಬೇಕು. ಇಡಿಟಿಎ ರೂಪದ್ದು ಪಿಎಚ್ 6.5ರ ಮೇಲೆ ನಿಲ್ಲುವುದಿಲ್ಲ, ಡಿಟಿಪಿಎ 7.5ರವರೆಗೆ, ಇಡಿಡಿಎಚ್‌ಎ ಅದಕ್ಕೂ ಮೇಲೆ. ಲೀಟರಿಗೆ 2 ಮಿ.ಗ್ರಾಂ. ಗುರಿ. 250 ಲೀಟರಿಗೆ ಅರ್ಧ ಗ್ರಾಂ ಶುದ್ಧ ಕಬ್ಬಿಣ: ಶೇ. 11ರ ಡಿಟಿಪಿಎ ಆದರೆ 4.5 ಗ್ರಾಂ, ಶೇ. 6ರ ಇಡಿಡಿಎಚ್‌ಎ ಆದರೆ 8 ಗ್ರಾಂ. ಮೂರ್ನಾಲ್ಕು ವಾರಕ್ಕೊಮ್ಮೆ. ಎರಡನೆಯದು ನೀರನ್ನು ಕೆಂಪು ಚಹಾದಂತೆ ಮಾಡುತ್ತದೆ, ಮೀನಿಗೆ ಏನೂ ಆಗದು.

ಎರೆಹುಳು:
ಈಗ ನನ್ನ ವಿಷಯ: ಗಸಿ. ಬ್ಯಾಕ್ಟೀರಿಯಾಕ್ಕೆ ಜಾಗ ಸಾಲದೆಂದು ಹೆದರಬೇಕಿಲ್ಲ, 216 ಲೀಟರ್ ಜಲ್ಲಿಯಲ್ಲಿ ಅವಕ್ಕೆ ಬೇಕಾದ್ದಕ್ಕಿಂತ ಹತ್ತಾರು ಪಟ್ಟು ಮೇಲ್ಮೈ ಇರುತ್ತದೆ. ಜಲ್ಲಿ ಬೆಡ್ ಸಾಯುವುದು ಹಿಕ್ಕೆ ಕೂತು ಗಾಳಿ ಕಟ್ಟಿದಾಗ. ಮೂಲೆಯಲ್ಲಿ ಕೈ ಹಾಕಿ ಮೇಲೆತ್ತಿದ ಕಲ್ಲು ಕಪ್ಪಗಿದ್ದು ಕೊಳೆತ ಮೊಟ್ಟೆಯ ವಾಸನೆ ಬಂದರೆ ಅಲ್ಲಿ ನೀರು ಓಡುತ್ತಿಲ್ಲ. ನೀರು ಒಂದೇ ಕಡೆ ಸುರಿಯುವ ಬದಲು ತೂತಿನ ಪೈಪಿನಿಂದ ಬೆಡ್ಡಿನ ಉದ್ದಕ್ಕೂ ಹಂಚಿ. ಸಸಿ ನೆಟ್ಟ ಒಂದೆರಡು ತಿಂಗಳಿಗೆ ಒಂದು ಹಿಡಿ ಗೊಬ್ಬರದ ಕೆಂಪು ಎರೆಹುಳು ತೊಳೆದು ಬಿಡಿ. ತುಂಬಿ ಇಳಿಯುವ ಬೆಡ್ಡಿನಲ್ಲಿ ಅವು ಸಾಯುವುದಿಲ್ಲ, ಹಿಕ್ಕೆಯನ್ನು ಪುಡಿ ಮಾಡುತ್ತವೆ.

ತೊಳೆಯಬೇಕಾದರೆ ಒಂದು ಸಲಕ್ಕೆ ಕಾಲು ಬೆಡ್ ಮಾತ್ರ, ಅದೂ ತೊಟ್ಟಿಯದೇ ನೀರಿನಿಂದ. ನಲ್ಲಿ ನೀರಿನಲ್ಲಿ ಪೂರ್ತಿ ತೊಳೆದರೆ ಆರು ವಾರದ ಕಾಯುವಿಕೆ ಮತ್ತೆ ಶುರು.

ಗೆಂಡೆಮೀನು:
ಗಸಿಯ ಮೂಲ ತಿನ್ನದೆ ಉಳಿದ ಮೇವು. ಐದು ನಿಮಿಷದಲ್ಲಿ ಮುಗಿಯುವಷ್ಟೇ ಹಾಕಿ, ಉಳಿದರೆ ಬಲೆಯಿಂದ ತೆಗೆಯಿರಿ. ಮೀನು ತಿನ್ನದಿದ್ದರೆ ಅದೇ ಮೊದಲ ಎಚ್ಚರಿಕೆ, ಮೇವು ನಿಲ್ಲಿಸಿ ನೀರು ಅಳೆಯಿರಿ.

ಕೀಟಕ್ಕೆ ಬೇವಿನ ಎಣ್ಣೆ, ಸೋಪಿನ ನೀರು ಸಿಂಪಡಿಸುವ ಅಭ್ಯಾಸ ಇರುವವರು ಇಲ್ಲಿ ಕೈ ಕಟ್ಟಿಕೊಳ್ಳಬೇಕು. ಎರಡೂ ನೀರಿಗಿಳಿದರೆ ಮೀನಿಗೆ ಕೆಡುಕು. ಗಿಡದ ಹೇನಿಗೆ ನೀರಿನ ರಭಸ, ಹಳದಿ ಅಂಟು ಹಾಳೆ. ಎಲೆ ತಿನ್ನುವ ಹುಳಕ್ಕೆ ಬಿಟಿ ಪುಡಿ (ಹುಳ ಕೊಲ್ಲುವ ಬ್ಯಾಕ್ಟೀರಿಯಾದ್ದು). ಹಾಗೆಯೇ ಮೀನಿನ ರೋಗಕ್ಕೆ ಔಷಧವನ್ನು ತೊಟ್ಟಿಗೆ ಹಾಕಬಾರದು, ಬೇರೆ ಬಕೆಟ್ಟಿನಲ್ಲಿ ಚಿಕಿತ್ಸೆ.

ಪೈಪುಪಾನ:
ಕರೆಂಟ್ ಹೋದಾಗಿನ ಮಾತು. 20 ಡಿಗ್ರಿಯ ನೀರು ಲೀಟರಿಗೆ 9 ಮಿ.ಗ್ರಾಂ. ಆಮ್ಲಜನಕ ಹಿಡಿದರೆ 30 ಡಿಗ್ರಿಯದ್ದು 7.5 ಮಾತ್ರ, ಮೀನಿಗೆ 5 ಬೇಕು. ಸೆಖೆಯ ದಿನ ಅಂಚು ಎಷ್ಟು ತೆಳು ನೋಡಿ. ಬ್ಯಾಟರಿಯ ಏರ್ ಪಂಪು ಒಂದು ಕಡ್ಡಾಯ. ಏರ್ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲಿಡಿ, ಇಲ್ಲದಿದ್ದರೆ ನಿಂತಾಗ ನಳಿಕೆಯಿಂದ ನೀರು ಹಿಂದಕ್ಕೆ ಬಂದು ಪಂಪು ಸುಡುತ್ತದೆ.

ಇನ್ನೊಂದು ಅಪಾಯ ಇದರ ಉಲ್ಟಾ. ಬೇರು ಬೆಳೆದು ಸೈಫನ್ ಕಟ್ಟಿಕೊಂಡರೆ ಪಂಪು ಓಡುತ್ತಲೇ ಇರುತ್ತದೆ, ಬೆಡ್ ತುಂಬಿ ಹೊರಗೆ ಚೆಲ್ಲುತ್ತದೆ, ಬೆಳಿಗ್ಗೆ ಮೀನು ಒಣ ತೊಟ್ಟಿಯಲ್ಲಿ. ಸೈಫನ್ ಹಿಡಿಯುವ ಮಟ್ಟಕ್ಕಿಂತ 3 ಸೆಂ.ಮೀ. ಮೇಲೆ ಬೇರೆಯೇ ಒಂದು 25 ಮಿ.ಮೀ. ಓವರ್‌ಫ್ಲೋ ಪೈಪು ಇಟ್ಟು ತೊಟ್ಟಿಗೆ ಬಿಡಿ.

ನೀರು ದಿನಕ್ಕೆ ಶೇ. 1ರಿಂದ 3 ಕಡಿಮೆಯಾಗುವುದು ಸಹಜ, ನಿಮಗೆ 3ರಿಂದ 7 ಲೀಟರ್. ಅದಕ್ಕಿಂತ ಹೆಚ್ಚಾದರೆ ಟ್ಯಾಂಕ್ ನಿಪ್ಪಲ್ಲಿನ ವಾಷರ್ ನೋಡಿ.

ಹಸಿರುಬೇರು:
ಕೊನೆಯದೊಂದು. ಮೇಲಿನ 5 ಸೆಂ.ಮೀ. ಒಣಗಿಯೇ ಇರಬೇಕೆಂದರೆ ಬೀಜ ಮೊಳೆಯುವುದು ಹೇಗೆ?

ಜಲ್ಲಿರಾಶಿ:
ಬೆಡ್ಡಿಗೆ ಬೀಜ ಹಾಕಬೇಡಿ. ಟ್ರೇಯಲ್ಲಿ ತೆಂಗಿನ ನಾರಿನ ಪುಡಿಯಲ್ಲಿ ಸಸಿ ಎಬ್ಬಿಸಿ. ನಾಲ್ಕು ನಿಜವಾದ ಎಲೆ ಬಂದ ಮೇಲೆ ಬೇರಿನ ಪುಡಿಯನ್ನು ಬಕೆಟ್ ನೀರಿನಲ್ಲಿ ಅದ್ದಿ ತೊಳೆದು, ಬೇರಿನ ತುದಿ 7–8 ಸೆಂ.ಮೀ. ಆಳಕ್ಕೆ ಮುಟ್ಟುವಂತೆ ಕಲ್ಲು ಸರಿಸಿ ನೆಡಿ. ಪುಡಿ ತೊಳೆಯದೆ ನೆಟ್ಟರೆ ಅದೆಲ್ಲ ಪಂಪಿನ ಸ್ಪಂಜಿಗೆ ಹೋಗಿ ಕೂರುತ್ತದೆ. ಸಂಜೆ ನೆಟ್ಟು ಮೂರು ದಿನ ನೆರಳು ಕೊಡಿ. ಪುದೀನಕ್ಕೆ ಇಷ್ಟು ಉಪಚಾರ ಬೇಡ, ಕಡ್ಡಿ ಸಿಕ್ಕಿಸಿದರೆ ಸಾಕು. ಆದರೆ ಸೈಫನ್ ಬೇಲಿಯಿಂದ ಆದಷ್ಟು ದೂರ, ಅದರ ಬೇರು ಎಲ್ಲಿ ಸಂದು ಸಿಕ್ಕರೂ ನುಗ್ಗುತ್ತದೆ.